ಹಿತ್ತಲಿನ ಗದ್ದಲಕ್ಕೊಂದು ಹೆಸರು

ಕೊಲ್ಲಾಪುರದಿಂದ ನಿಪ್ಪಾಣಿಯ ದಿಕ್ಕಿಗೆ ಹೊರಟ ಪುಣೆ–ಬೆಂಗಳೂರು ಹೆದ್ದಾರಿಯ ಬದಿಯಲ್ಲಿ ಗೋಕುಳ ಶಿರಗಾಂವದ ಕೈಗಾರಿಕಾ ವಸಾಹತು ಇದೆ. ಕಬ್ಬಿಣವನ್ನು ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳು, ಆ ಎರಕವನ್ನು ಕೊರೆದು ತಿದ್ದುವ ಯಂತ್ರಶಾಲೆಗಳು, ಸರಕಿಗಾಗಿ ಕಾದು ನಿಂತ ಲಾರಿಗಳು, ಹತ್ತಿರದ ಉಜಳಾಯಿವಾಡಿಯ ನಿಲ್ದಾಣಕ್ಕೆ ಇಳಿಯುವ ವಿಮಾನಗಳು: ಈ ಊರಿಗೆ ಸದ್ದು ಹೊಸದಲ್ಲ. ರಾತ್ರಿಪಾಳಿ ಮುಗಿಸಿ ಬಂದವರು ಹಗಲಿನಲ್ಲಿ, ಲಾರಿಗಳ ಹಾರ್ನಿನ ನಡುವೆಯೇ, ನಿಶ್ಚಿಂತೆಯಿಂದ ನಿದ್ರಿಸುತ್ತಾರೆ. ಆದರೆ ಜೂನ್ ತಿಂಗಳ ಮೊದಲ ದೊಡ್ಡ ಮಳೆ ಸುರಿದ ರಾತ್ರಿ ಮನೆಯ ಹಿಂದಿನ ತಗ್ಗಿನಲ್ಲಿ ನೀರು ನಿಂತು, ಆ ನೀರಿನಿಂದ ಕಪ್ಪೆಗಳ ಮೇಳ ಎದ್ದಿತೆಂದರೆ, ಯಂತ್ರದ ಸದ್ದಿಗೆ ಜಗ್ಗದವರೂ ಎದ್ದು ಕೂರುತ್ತಾರೆ.

ಈ ಗದ್ದಲಕ್ಕೆ ಸಾಮಾನ್ಯವಾಗಿ ಮೂರು ಪರಿಹಾರಗಳನ್ನು ಯೋಚಿಸಲಾಗುತ್ತದೆ. ಕಲ್ಲೆಸೆಯುವುದು, ನೀರಿಗೆ ಫಿನಾಯಿಲ್ ಸುರಿಯುವುದು, ಬೆಳಗಾದ ಮೇಲೆ ಒಂದು ಗಾಡಿ ಮುರುಮು ತರಿಸಿ ತಗ್ಗನ್ನೇ ಮುಚ್ಚಿಸುವುದು. ನಾಲ್ಕನೆಯ ದಾರಿಯೊಂದುಂಟು. ಒಂದು ಬ್ಯಾಟರಿ ದೀಪ ಮತ್ತು ಕೈಯಲ್ಲಿರುವ ಮೊಬೈಲನ್ನು ತೆಗೆದುಕೊಂಡು ಹೋಗಿ, ಕೂಗುತ್ತಿರುವವರು ಯಾರೆಂದು ನೋಡುವುದು. ಮೊದಲ ಮೂರಕ್ಕೆ ತಗಲುವ ಶ್ರಮಕ್ಕಿಂತ ಇದಕ್ಕೆ ಹೆಚ್ಚಿನದೇನೂ ಬೇಡ. ಫಲ ಮಾತ್ರ ಬೇರೆಯೇ ಆಗಿರುತ್ತದೆ.

ನೋಡಿದವರಿಗೆ ಮೊದಲು ತಿಳಿಯುವ ಸಂಗತಿ, ಅದು ಒಂದು ಗದ್ದಲವಲ್ಲ, ಹಲವು ದನಿಗಳ ಜಾತ್ರೆ ಎಂಬುದು. ನೀರಿನ ನಡುವೆ ತೇಲುತ್ತ, ಎತ್ತು ಗುಟುರು ಹಾಕಿದಂತೆ ಕೂಗುವುದು ಗೋಂಕುರುಗಪ್ಪೆ. ವರ್ಷದ ಉಳಿದ ದಿನಗಳಲ್ಲಿ ಮಾಸಲು ಹಸಿರು, ಕಂದು ಬಣ್ಣದಲ್ಲಿ ಮಣ್ಣಿನೊಂದಿಗೆ ಮಣ್ಣಾಗಿರುವ ಈ ಪ್ರಾಣಿಯ ಗಂಡು, ಮೊದಲ ಮಳೆಯ ಕೆಲವು ದಿನ ಮಾತ್ರ ನಿಂಬೆಹಣ್ಣಿನ ಹಳದಿಯನ್ನು ಧರಿಸುತ್ತದೆ. ಕೂಗುವಾಗ ಅದರ ಗಂಟಲಿನ ಎರಡು ಪಕ್ಕದಲ್ಲಿ ನೀಲಿಯ ಎರಡು ಚೀಲಗಳು ಉಬ್ಬುತ್ತವೆ. ಇದನ್ನು ಮೊದಲ ಸಲ ಕಂಡವರು ಯಾರೋ ಬಣ್ಣ ಬಳಿದಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ದಡದ ಹುಲ್ಲಿನ ಬುಡದಲ್ಲಿ, ಬಾಚಣಿಗೆಯ ಹಲ್ಲನ್ನು ಉಗುರಿನಿಂದ ಎಳೆದಂತೆ ಕರಕರಗುಟ್ಟುವುದು ಬಹುಮಟ್ಟಿಗೆ ಎರಡು ಮೂರು ಸೆಂಟಿಮೀಟರ್ ಉದ್ದದ ಒಂದು ಪುಟ್ಟ ಕಪ್ಪೆ. ಅದರ ದೇಹವನ್ನು ನೋಡಿದರೆ ಆ ದನಿ ಅದರದೇ ಎಂದು ನಂಬುವುದು ಕಷ್ಟ. ಗಂಟಲಿನ ಕೆಳಗಿನ ಚೀಲವು ಮೈಯಷ್ಟೇ ದೊಡ್ಡದಾಗಿ ಉಬ್ಬಿ ದನಿಯನ್ನು ಹಿಗ್ಗಿಸುತ್ತದೆ. ಬಚ್ಚಲುಮನೆಯ ಗೋಡೆಗೋ ನೀರಿನ ಟಾಕಿಯ ಅಂಚಿಗೋ ಅಂಟಿಕೊಂಡು ಟಕ್ ಟಕ್ ಎಂದು ಬಿಟ್ಟು ಬಿಟ್ಟು ಸದ್ದು ಮಾಡುವುದು ಮರಗಪ್ಪೆ. ಅದು ನೀರಿನ ಮೇಲ್ಗಡೆ, ಎಲೆಗೋ ಗೋಡೆಗೋ ಅಂಟಿದಂತೆ ನೊರೆಯ ಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಮರಿಗಳು ಹೊರಬಂದಾಗ ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ.

ಕಪ್ಪೆಗಳ ನಡುವೆ ಎಡೆಬಿಡದೆ ತಂತಿ ಮೀಟಿದಂತೆ ಕೇಳುವುದು ಜೀರುಂಡೆ. ಅದಕ್ಕೆ ಕೂಗಲು ಗಂಟಲಿಲ್ಲ. ಗಂಡು ತನ್ನ ಮುಂದಿನ ರೆಕ್ಕೆಗಳಲ್ಲಿ ಒಂದರ ಗರಗಸದಂಥ ಅಂಚನ್ನು ಇನ್ನೊಂದರ ಮೇಲೆ ಉಜ್ಜಿ ದನಿಯೆಬ್ಬಿಸುತ್ತದೆ, ಮುಂಗಾಲಿನಲ್ಲಿರುವ ಕಿವಿಯಿಂದ ಕೇಳಿಸಿಕೊಳ್ಳುತ್ತದೆ. ಸೆಕೆ ಹೆಚ್ಚಿದಂತೆ ಅದರ ಲಯವೂ ಚುರುಕಾಗುತ್ತದೆ. ಈ ಸಂಬಂಧವನ್ನು ಸೂತ್ರವಾಗಿ ಬರೆದು ಅಮೆರಿಕದ ಡಾಲ್ಬೇರ್ ಎಂಬ ಭೌತವಿಜ್ಞಾನಿ 1897ರಲ್ಲಿಯೇ ಪ್ರಕಟಿಸಿದ್ದನು. ಹಗಲಿನಲ್ಲಿ ಗದ್ದಲದ ಪಾತ್ರಧಾರಿಗಳು ಬದಲಾಗುತ್ತಾರೆ. ಮಾವಿನ ಮರದಲ್ಲಿ ಕೋಗಿಲೆ, ಬೇಲಿಯಲ್ಲಿ ಏಳೆಂಟರ ಗುಂಪಾಗಿ ಜಗಳವಾಡುವ ಹರಟೆಮಲ್ಲ, ಖಾಲಿ ಪ್ಲಾಟಿನ ಖಡಿಯ ನಡುವೆ ಟಿಟ್ಟಿಭ. ಟಿಟ್ಟಿಭವು ಬರಿ ನೆಲದಲ್ಲಿ, ಹರಳುಗಳ ನಡುವೆ, ಹರಳಿನದೇ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ನಾಯಿಯಾಗಲಿ ಮನುಷ್ಯನಾಗಲಿ ಹತ್ತಿರ ಸುಳಿದರೆ ಊರೆಲ್ಲ ಕೇಳುವಂತೆ ಕಿರುಚುತ್ತದೆ. ಆಕಾಶ ಬಿದ್ದರೆ ತಡೆಯಲೆಂದು ಅದು ಕಾಲು ಮೇಲೆ ಮಾಡಿ ಮಲಗುವುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಪಂಚತಂತ್ರದಲ್ಲಿ ಅದು ಸಮುದ್ರದೊಡನೆಯೇ ವ್ಯಾಜ್ಯ ಹೂಡುತ್ತದೆ.

ಈ ಕೂಗುಗಳಲ್ಲಿ ಹೆಚ್ಚಿನವು ಗಂಡಿನವು. ಕಪ್ಪೆಯ ಕೂಗು ಹೆಣ್ಣಿಗೆ ಕೊಡುವ ಕರೆ. ತಾನು ಯಾವ ಜಾತಿ, ಎಲ್ಲಿದ್ದೇನೆ, ಎಷ್ಟು ಬಲಿಷ್ಠ ಎಂಬ ಮೂರು ವಿಷಯಗಳೂ ಅದರಲ್ಲಿ ಅಡಗಿರುತ್ತವೆ. ಒಂದೇ ತಗ್ಗಿನಲ್ಲಿ ನಾಲ್ಕು ಜಾತಿಗಳು ಒಟ್ಟಿಗೆ ಕೂಗಿದರೂ ಹೆಣ್ಣು ತನ್ನ ಜಾತಿಯ ದನಿಯನ್ನೇ ಆರಿಸಿಕೊಂಡು ನಡೆಯುತ್ತದೆ. ಕೂಗುವುದು ಸುಲಭದ ಕೆಲಸವೂ ಅಲ್ಲ. ಅದಕ್ಕೆ ಅಪಾರ ಶಕ್ತಿ ಬೇಕು, ಜೊತೆಗೆ ಪ್ರಾಣದ ಹಂಗನ್ನೂ ತೊರೆಯಬೇಕು. ಹೆಣ್ಣಿಗೆ ಕೇಳುವ ದನಿ ಶತ್ರುವಿಗೂ ಕೇಳುತ್ತದೆ. ಋಗ್ವೇದದ ಏಳನೆಯ ಮಂಡಲದ ಮಂಡೂಕಸೂಕ್ತವು ಮಳೆಗಾಲದ ಕಪ್ಪೆಗಳನ್ನು ವೇದಪಾಠ ಮಾಡುವ ಬ್ರಾಹ್ಮಣರಿಗೆ ಹೋಲಿಸಿದೆ. ಆ ಹೋಲಿಕೆಯನ್ನು ಹಾಸ್ಯವೆಂದು ಓದಿದವರೂ ಉಂಟು, ಮಳೆಯ ಪ್ರಾರ್ಥನೆಯೆಂದು ಓದಿದವರೂ ಉಂಟು. ಹೇಗೆ ಓದಿದರೂ, ಅದನ್ನು ರಚಿಸಿದವನು ಆ ಗದ್ದಲವನ್ನು ಗಮನವಿಟ್ಟು ಕೇಳಿದ್ದನೆಂಬುದು ಸ್ಪಷ್ಟ.

ಕೇಳುವುದರಿಂದ ಚಿತ್ರ ತೆಗೆಯುವವರೆಗೆ ಒಂದು ಕ್ರಮವಿದೆ. ಹೆಜ್ಜೆಯ ಅದುರು ನೆಲಕ್ಕೆ ತಾಗಿದೊಡನೆ ಮೇಳ ನಿಂತುಬಿಡುತ್ತದೆ. ಆಗ ದೀಪ ಆರಿಸಿ ಹತ್ತು ನಿಮಿಷ ಕದಲದೆ ಕುಳಿತರೆ ಮೊದಲು ಒಂದು, ಅನಂತರ ಎರಡು, ಬಳಿಕ ಎಲ್ಲವೂ ಮತ್ತೆ ಆರಂಭಿಸುತ್ತವೆ. ಪುಟ್ಟ ಕಪ್ಪೆಯ ದನಿ ಎಲ್ಲಿಂದ ಬರುತ್ತಿದೆಯೆಂದು ಒಬ್ಬರಿಗೆ ತಿಳಿಯುವುದು ಕಷ್ಟ. ಇಬ್ಬರು ನಾಲ್ಕಾರು ಹೆಜ್ಜೆ ದೂರದಲ್ಲಿ ನಿಂತು, ದನಿಯ ಕಡೆಗೆ ತಮ್ಮ ತಮ್ಮ ಕೈ ಚಾಚಿದರೆ, ಆ ಎರಡು ಗೆರೆಗಳು ಕೂಡುವ ಜಾಗದಲ್ಲಿ ಅದು ಇರುತ್ತದೆ. ಮೊದಲು ದನಿಯನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಬೇಕು, ಆಮೇಲೆ ಚಿತ್ರ. ನಿಂತು ಮೇಲಿನಿಂದ ತೆಗೆದ ಚಿತ್ರದಲ್ಲಿ ಕಪ್ಪೆ ಒಂದು ಮಣ್ಣಿನ ಹೆಂಟೆಯಂತೆ ಕಾಣುತ್ತದೆ. ಕುಕ್ಕರಗಾಲಿನಲ್ಲಿ ಕುಳಿತು ಅದರ ಕಣ್ಣಿನ ಮಟ್ಟಕ್ಕೆ ಮೊಬೈಲನ್ನು ಇಳಿಸಿದರೆ ಅದು ಒಂದು ಮುಖವುಳ್ಳ ಜೀವಿಯಾಗುತ್ತದೆ. ಒಂದು ಚಿತ್ರ ಬೆನ್ನಿನದು, ಒಂದು ಪಕ್ಕದ್ದು, ಒಂದು ಕಾಲಿನ ಬೆರಳುಗಳದು ಇದ್ದರೆ ಜಾತಿಯನ್ನು ಗುರುತಿಸಲು ಬಲ್ಲವರಿಗೆ ಅನುಕೂಲ.

ಮಾಡಬಾರದ್ದು ಕೆಲವಿವೆ. ಕಪ್ಪೆ ತೊಗಲಿನಿಂದಲೂ ಉಸಿರಾಡುತ್ತದೆ. ಸಾಬೂನು, ಎಣ್ಣೆ, ಉಪ್ಪು ಅಂಟಿದ ಕೈಯಿಂದ ಅದನ್ನು ಹಿಡಿಯಬಾರದು. ಗೂಬೆಯ ಕಣ್ಣಿಗೆ ಫ್ಲ್ಯಾಶ್ ಹೊಡೆಯಬಾರದು. ಮೊಟ್ಟೆ ಮರಿಗಳಿರುವ ಗೂಡಿನ ಬಳಿ ನಿಂತು ಕಾಯಬಾರದು. ತಾಯಿ ದೂರವಾದಷ್ಟು ಹೊತ್ತು ಕಾಗೆಗೆ ಅವಕಾಶ. ಮುದ್ರಿಸಿದ ದನಿಯನ್ನು ಮತ್ತೆ ಮತ್ತೆ ನುಡಿಸಿ ಹಕ್ಕಿಯನ್ನು ಕರೆಯುವುದೂ ಸಲ್ಲದು, ಏಕೆಂದರೆ ಅದು ಇಲ್ಲದ ಎದುರಾಳಿಯೊಡನೆ ಹೋರಾಡಿ ಬಳಲುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಪ್ಪೆಗಳು ಸೇರಿದಲ್ಲಿಗೆ ಹಾವೂ ಬರುತ್ತದೆ. ಬಂದದ್ದು ಕೇರೆಯಾಗಿದ್ದರೆ ಭಯವಿಲ್ಲ, ಆದರೆ ನಾಗರವೂ ಕೊಳಕುಮಂಡಲವೂ ಈ ಸೀಮೆಯ ಕಬ್ಬಿನ ಹೊಲಗಳಿಗೆ ಹೊಸಬರಲ್ಲ. ದಪ್ಪ ಬೂಟು, ಒಳ್ಳೆಯ ದೀಪ, ಜೊತೆಗೊಬ್ಬರು ಇಲ್ಲದೆ ರಾತ್ರಿ ಹುಲ್ಲಿಗೆ ಕಾಲಿಡಬಾರದು.

ಹಿತ್ತಲಲ್ಲಿ ಹೊಸದೇನು ಸಿಕ್ಕೀತು ಎಂದು ಕೇಳುವವರಿಗೆ ಕರ್ನಾಟಕದಿಂದಲೇ ಉತ್ತರವಿದೆ. ಮಣಿಪಾಲವು ಕಾಲೇಜು, ಆಸ್ಪತ್ರೆ, ವಸತಿಗೃಹಗಳಿಂದ ತುಂಬಿದ ಪಟ್ಟಣ. ಅದರ ಸುತ್ತಲಿನ ಮುರಕಲ್ಲಿನ ಬಯಲುಗಳಲ್ಲಿ, ಜನವಸತಿಗೆ ತಾಗಿಕೊಂಡೇ, ಒಂದೂವರೆ ಸೆಂಟಿಮೀಟರಿನ ಆಸುಪಾಸಿನ ಒಂದು ಕಪ್ಪೆ ಕೂಗುತ್ತಿತ್ತು. ಅದರ ದನಿ ಜೀರುಂಡೆಯದನ್ನು ಹೋಲುತ್ತದೆ, ಆದ್ದರಿಂದ ಕೇಳಿದವರು ಜೀರುಂಡೆಯೆಂದೇ ತಿಳಿದು ಮುಂದೆ ಹೋಗಬಹುದಾಗಿತ್ತು. ಆ ಬಯಲುಗಳ ಜೀವಿಗಳನ್ನು ದಾಖಲಿಸುತ್ತಿದ್ದ ರಮಿತ್ ಸಿಂಗಲ್ ಅದನ್ನು ಗಮನಿಸಿದರು. ಕೆ. ಎಸ್. ಶೇಷಾದ್ರಿ ಮತ್ತು ಸಂಗಡಿಗರು ಅದರ ದೇಹರಚನೆ, ದನಿ, ವಂಶವಾಹಿಗಳನ್ನು ಪರೀಕ್ಷಿಸಿ, ಅದು ವಿಜ್ಞಾನಕ್ಕೆ ಹೊಸ ಜಾತಿಯೆಂದು 2016ರಲ್ಲಿ ಪ್ರಕಟಿಸಿದರು. ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಹೆಸರಿನಲ್ಲಿ ಅದು ಬದುಕುವ ಮುರಕಲ್ಲೇ ಸೇರಿದೆ. ಸರಕಾರಿ ಕಡತಗಳಲ್ಲಿ ಅಂಥ ಬಯಲಿಗೆ ಪಾಳುಭೂಮಿಯೆಂಬ ಹೆಸರಿರುವುದರಿಂದ, ಆ ನೆಲದ ಕಡೆಗೆ ಜನರ ಕಣ್ಣು ತಿರುಗಲೆಂದೇ ಈ ಹೆಸರನ್ನು ಆರಿಸಲಾಯಿತು. ಅದೇ ವರ್ಷ ಕರ್ನಾಟಕದ ಕರಾವಳಿಯಿಂದ ಇನ್ನೊಂದು ಕಪ್ಪೆ ಯೂಫ್ಲಿಕ್ಟಿಸ್ ಕರಾವಳಿ ಎಂದು ಹೆಸರು ಪಡೆಯಿತು. 2020ರಲ್ಲಿ ಬೆಂಗಳೂರಿನ ಹೊರವಲಯದಿಂದ ನೆಲ ಕೊರೆದು ಬದುಕುವ ಕಪ್ಪೆಯೊಂದು ಸ್ಫೇರೋಥೀಕಾ ಬೆಂಗಳೂರು ಎಂಬ ಹೆಸರಿನಿಂದ ದಾಖಲಾಯಿತು. ಈ ಮೂರೂ ದೊರೆತದ್ದು ದಟ್ಟ ಕಾಡಿನಲ್ಲಲ್ಲ.

ಕೊಲ್ಲಾಪುರ ಜಿಲ್ಲೆಯವರು ಕಾಡುಪ್ರಾಣಿ ನೋಡಬೇಕೆಂದರೆ ದಾಜೀಪುರಕ್ಕೆ ಹೋಗುತ್ತಾರೆ. 1958ರಲ್ಲಿ ಸ್ಥಾಪಿತವಾದ ಆ ರಾಧಾನಗರಿ ಅಭಯಾರಣ್ಯದಲ್ಲಿ ಕಾಟಿಯನ್ನು ಕಂಡು ಬಂದವರು ಆ ಸುದ್ದಿಯನ್ನು ವರ್ಷವಿಡೀ ಹೇಳುತ್ತಾರೆ. ಅದು ಸರಿಯಾದದ್ದೇ. ಆದರೆ ಕಾಟಿಗೆ ಕಾವಲುಗಾರರಿದ್ದಾರೆ, ಗಡಿಕಲ್ಲುಗಳಿವೆ, ಕಡತವಿದೆ. ಶಿರಗಾಂವದ ತಗ್ಗಿನಲ್ಲಿ ಕೂಗುವ ಕಪ್ಪೆಗೆ ಇವು ಯಾವುವೂ ಇಲ್ಲ. ಅಂಗಳಕ್ಕೆಲ್ಲ ಪೇವರ್ ಕಲ್ಲು ಹಾಸಿ, ಹಳೆಯ ಬಾವಿಯನ್ನು ಮುಚ್ಚಿ, ಖಾಲಿ ಪ್ಲಾಟಿನಲ್ಲಿ ಶೆಡ್ಡು ಎಬ್ಬಿಸಿದ ವರ್ಷ ಅಲ್ಲಿಯ ದನಿ ನಿಲ್ಲುತ್ತದೆ. ನಿಂತದ್ದನ್ನು ಯಾರೂ ದೂರಾಗಿ ಕೊಡುವುದಿಲ್ಲ. ಗದ್ದಲಕ್ಕೆ ದೂರುದಾರರು ಸಿಗುವಷ್ಟು ಸುಲಭವಾಗಿ ಮೌನಕ್ಕೆ ಸಿಗುವುದಿಲ್ಲ.

ಕಾನೂನು ಈ ಗದ್ದಲವನ್ನು ಹೇಗೆ ನೋಡುತ್ತದೆ? 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಹಾಕಿವೆ. ಕೈಗಾರಿಕಾ ಪ್ರದೇಶಕ್ಕೆ ಅದು ಹಗಲು 75, ರಾತ್ರಿ 70. ರಾತ್ರಿಯೆಂದರೆ ಹತ್ತು ಗಂಟೆಯಿಂದ ಬೆಳಗಿನ ಆರು ಗಂಟೆಯವರೆಗೆ. ನಿಯಮದ ಪೀಠಿಕೆಯಲ್ಲಿ ಕಾರ್ಖಾನೆ, ಕಟ್ಟಡದ ಕೆಲಸ, ಜನರೇಟರು, ಧ್ವನಿವರ್ಧಕ, ವಾಹನಗಳ ಹಾರ್ನುಗಳ ಮಾತು ಬರುತ್ತದೆ, ಕಪ್ಪೆಯದು ಬರುವುದಿಲ್ಲ. ಅಂದರೆ ಶಾಸನವು ಮನುಷ್ಯನ ಸದ್ದನ್ನು ಅಳೆಯುತ್ತದೆ, ಮಳೆಗಾಲದ ದನಿಯನ್ನು ಅಳೆಯಲು ಹೋಗಿಲ್ಲ.

ಫ್ರಾನ್ಸ್ ದೇಶದಲ್ಲಿ ಅಳೆಯಲು ಹೋದರು. ದೋರ್ದೋನ್ ಪ್ರಾಂತದ ಗ್ರಿನ್ಯೋಲ್ ಎಂಬ ಹಳ್ಳಿಯಲ್ಲಿ ದಂಪತಿಗಳ ಮನೆಯ ಕೊಳದಿಂದ ಕಪ್ಪೆಗಳ ಕೂಗು ಅತಿಯಾಗಿದೆಯೆಂದು ನೆರೆಯವರು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಬೋರ್ಡೋ ನಗರದ ಮೇಲ್ಮನವಿ ನ್ಯಾಯಾಲಯವು ಕೊಳವನ್ನು ಮುಚ್ಚಬೇಕೆಂದು ಆದೇಶಿಸಿತು. 2017ರಲ್ಲಿ ಉನ್ನತ ನ್ಯಾಯಾಲಯವೂ ಆ ಆದೇಶವನ್ನು ಎತ್ತಿಹಿಡಿಯಿತು. ಆದರೆ ಆ ಕೊಳದಲ್ಲಿದ್ದದ್ದು ಬರಿಯ ‘ಗದ್ದಲ’ವಲ್ಲ, ಶಾಸನದ ರಕ್ಷಣೆ ಪಡೆದ ಜಾತಿಗಳು. ಕೊಳ ಮುಚ್ಚದಿದ್ದರೆ ನ್ಯಾಯಾಲಯದ ಆದೇಶದ ಉಲ್ಲಂಘನೆ, ಮುಚ್ಚಿದರೆ ಪರಿಸರ ಶಾಸನದ ಉಲ್ಲಂಘನೆ ಎಂಬ ಇಕ್ಕಟ್ಟು ಉಂಟಾಯಿತು. ಅದೇ ದೇಶದ ಓಲೆರೋನ್ ದ್ವೀಪದ ಒಂದು ಹುಂಜದ ಕೂಗಿನ ಮೊಕದ್ದಮೆ 2019ರಲ್ಲಿ ಹುಂಜದ ಪರವಾಗಿ ತೀರ್ಮಾನವಾಯಿತು. 2021ರ ಜನವರಿಯಲ್ಲಿ ಫ್ರೆಂಚ್ ಸಂಸತ್ತು ಹಳ್ಳಿಗಾಡಿನ ದನಿ ಮತ್ತು ವಾಸನೆಗಳನ್ನೂ ಪರಂಪರೆಯ ಭಾಗವೆಂದು ಒಪ್ಪುವ ಶಾಸನವನ್ನು ಅಂಗೀಕರಿಸಿತು. ಗ್ರಿನ್ಯೋಲ್‌ನ ಪ್ರಕರಣದಿಂದ ಶಿರಗಾಂವದವರು ಕಲಿಯಬಹುದಾದ ಪಾಠ ಒಂದೇ. ಕೂಗುತ್ತಿರುವವರ ಜಾತಿ ಯಾವುದೆಂದು ತಿಳಿದ ಕ್ಷಣದಿಂದ ವ್ಯಾಜ್ಯದ ಸ್ವರೂಪವೇ ಬದಲಾಗುತ್ತದೆ.

ಭಾರತದಲ್ಲಿಯೂ ಕಪ್ಪೆಯ ಬೆಲೆ ತಿಳಿದದ್ದು ತಡವಾಗಿ. ಗೋಂಕುರುಗಪ್ಪೆಯ ಕಾಲುಗಳು ವಿದೇಶಿಯರ ಊಟದ ಮೇಜಿಗೆ ರಫ್ತಾಗುತ್ತಿದ್ದ ಕಾಲವೊಂದಿತ್ತು. ವರ್ಷಕ್ಕೆ ಸಾವಿರಾರು ಟನ್ ಹೋದದ್ದುಂಟು. ಕಪ್ಪೆ ಹೋದ ಗದ್ದೆಯಲ್ಲಿ ಹುಳುಗಳು ಹೆಚ್ಚುತ್ತವೆ, ಹುಳುವಿಗಾಗಿ ಔಷಧದ ಖರ್ಚು ಹೆಚ್ಚುತ್ತದೆ ಎಂಬ ವಾದ ಬಲವಾದ ಮೇಲೆ 1987ರಲ್ಲಿ ರಫ್ತನ್ನು ನಿಷೇಧಿಸಲಾಯಿತು. ಸುತ್ತಲೂ ಕಬ್ಬು ಬೆಳೆಯುವ ಕರವೀರ, ಕಾಗಲ್ ತಾಲೂಕುಗಳ ರೈತರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲಿಯನ್ನೂ ಹುಳುಗಳನ್ನೂ ಹಿಡಿಯುವ ಹಾಲಕ್ಕಿಯ ಲೆಕ್ಕವೂ ಅದೇ.

ಹಾಲಕ್ಕಿಯ ಮಾತು ಬಂದಾಗ ಗಡಿಯ ಎರಡೂ ಬದಿಗೆ ಸೇರಿದ ಸಂಗತಿಯೊಂದನ್ನು ನೆನೆಯಬೇಕು. ಗೇಣುದ್ದದ, ಬಿಳಿ ಚುಕ್ಕೆಗಳ ಈ ಪುಟ್ಟ ಗೂಬೆ ಹಳೆಯ ಗೋಡೆಯ ಸಂದಿನಲ್ಲೋ ಮರದ ಪೊಟರೆಯಲ್ಲೋ ಇದ್ದು, ಮುಸ್ಸಂಜೆಗೂ ನಸುಕಿಗೂ ಜಗಳವಾಡಿದಂತೆ ಕಿಚಗುಟ್ಟುತ್ತದೆ. ಕರ್ನಾಟಕದ ಬುಡುಬುಡಿಕೆಯವನು ನಸುಕಿನಲ್ಲಿ ಬಂದು ಹಾಲಕ್ಕಿ ನುಡಿಯಿತೆಂದು ಮನೆಯವರ ಭವಿಷ್ಯ ಹೇಳುತ್ತಾನೆ. ಮರಾಠಿಯಲ್ಲಿ ಈ ಹಕ್ಕಿಯ ಹೆಸರು ಪಿಂಗಳಾ. ಅದೇ ಹೊತ್ತಿನಲ್ಲಿ ಮಹಾರಾಷ್ಟ್ರದ ಹಳ್ಳಿಗಳಿಗೆ ಬರುವ ಕಣಿಗಾರನಿಗೂ ಪಿಂಗಳಾ ಎಂದೇ ಹೆಸರು. ಎರಡು ಭಾಷೆಯ ಜನ ಒಂದೇ ಹಕ್ಕಿಯ ದನಿಯನ್ನು ಒಂದೇ ಹೊತ್ತಿನಲ್ಲಿ ಕೇಳಿ, ಬೇರೆ ಬೇರೆ ಮಾತಿನಲ್ಲಿ ಅರ್ಥ ಹೇಳಿದರು. ಮಳೆಗೆ ಮುಂಚೆ ಕೂಗುವ ಕೋಗಿಲೆಚಾಣದ ದನಿಯಲ್ಲಿ ಮರಾಠಿ ರೈತನಿಗೆ ‘ಪೇರ್ತೆ ವ್ಹಾ’, ಬಿತ್ತನೆಗೆ ಹೊರಡಿರಿ ಎಂಬ ಮಾತು ಕೇಳಿಸುತ್ತದೆ. ಟಿಟ್ಟಿಭ ಮರಾಠಿಯಲ್ಲಿ ಟಿಟವಿಯಾಗಿದೆ. ಕಪ್ಪೆ ಬೇಡೂಕವಾಗಿದೆ. ಶಾಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಇನ್ನೊಂದು ಹೆಸರು ಕೇಳಿ ಬೆಳೆಯುವ ಮಗುವಿಗೆ ಇದು ಗೊಂದಲವಾಗಬೇಕಿಲ್ಲ. ಒಂದು ಜೀವಿಯನ್ನು ಎರಡು ಕಡೆಯಿಂದ ಬಲ್ಲವನಾಗುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಕಷ್ಟವಿರುವುದು ಬೇರೆ ಕಡೆ. ಈಗಿನ ಹಲವು ಮಕ್ಕಳಿಗೆ ಎರಡೂ ಹೆಸರು ಗೊತ್ತಿಲ್ಲ. ಇಂಗ್ಲಿಷಿನ ‘ಬರ್ಡ್’ ಎಂಬಷ್ಟರಲ್ಲಿ ಎಲ್ಲ ರೆಕ್ಕೆಗಳೂ ಅಡಗಿಬಿಡುತ್ತವೆ.

ಆದ್ದರಿಂದ ಹಿತ್ತಲಿನಲ್ಲಿ ತೆಗೆದ ಚಿತ್ರವು ಮೊಬೈಲಿನಲ್ಲಿಯೇ ಉಳಿಯಬಾರದು. ಅದರೊಂದಿಗೆ ದಿನಾಂಕ, ವೇಳೆ, ಸ್ಥಳ, ಮಳೆಯಿತ್ತೇ ಇಲ್ಲವೇ ಎಂಬ ವಿವರ, ಮನೆಮಂದಿ ಹೇಳುವ ಕನ್ನಡ ಹೆಸರು, ನೆರೆಯವರು ಹೇಳುವ ಮರಾಠಿ ಹೆಸರು ಸೇರಬೇಕು. ಮೂಲ ಚಿತ್ರವನ್ನು ಕತ್ತರಿಸದೆ, ಬಣ್ಣ ಬದಲಿಸದೆ ಒಂದು ಕಡೆ ಕಾಯ್ದಿಡಬೇಕು. ವಾಟ್ಸಾಪಿನಲ್ಲಿ ಸುತ್ತಿ ಬಂದ ಪ್ರತಿಯಲ್ಲಿ ಈ ವಿವರಗಳು ಅಳಿದಿರುತ್ತವೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಪ್ರಮಾಣಪತ್ರವೂ ಬೇಕಾಗುತ್ತದೆ. ಕಪ್ಪೆಯ ಚಿತ್ರ ನ್ಯಾಯಾಲಯದ ಮೆಟ್ಟಿಲು ಹತ್ತುವ ಸಂದರ್ಭ ಅಪರೂಪವಿರಬಹುದು. ಆದರೂ ಕೆರೆ, ಹಳ್ಳ, ತಗ್ಗುಗಳ ವ್ಯಾಜ್ಯದಲ್ಲಿ ‘ಇಲ್ಲಿ ಏನೂ ಇರಲಿಲ್ಲ’ ಎಂಬ ವಾದಕ್ಕೆ ದಿನಾಂಕವುಳ್ಳ ಒಂದು ಚಿತ್ರ ಹತ್ತು ಬಾಯಿಮಾತಿಗಿಂತ ಗಟ್ಟಿಯಾದ ಉತ್ತರ.

ಜಾತಿಯನ್ನು ಗುರುತಿಸುವ ನೆರವು ಈಗ ದುರ್ಲಭವಲ್ಲ. ಕೆ. ವಿ. ಗುರುರಾಜ ಅವರು ಪಶ್ಚಿಮಘಟ್ಟದ ಕಪ್ಪೆಗಳ ಬಗ್ಗೆ 2012ರಲ್ಲಿ ಹೊರತಂದ ಸಚಿತ್ರ ಕೈಪಿಡಿಯಿದೆ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳಿಗೆ ಚಿತ್ರ ಕಳುಹಿಸಿದರೆ ಬಲ್ಲವರು ಹೆಸರು ಸೂಚಿಸುತ್ತಾರೆ. ಮರ್ಲಿನ್ ಎಂಬ ಆ್ಯಪ್ ಹಕ್ಕಿಯ ದನಿ ಕೇಳಿಯೇ ಹೆಸರನ್ನು ಊಹಿಸುತ್ತದೆ.

ಇದಕ್ಕಿಂತ ಹತ್ತಿರದ, ಆದರೆ ಹೆಚ್ಚು ಜನ ಬಳಸದ ಸ್ಥಳವೊಂದಿದೆ. 2002ರ ಜೀವವೈವಿಧ್ಯ ಅಧಿನಿಯಮದ 41ನೆಯ ಕಲಮು ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ವಿಧಿಸಿದೆ. ಊರಿನ ಸಸ್ಯ, ಪ್ರಾಣಿ, ಅವುಗಳ ಬಗೆಗಿನ ಜನರ ತಿಳಿವಳಿಕೆ ಇವನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡುವುದು ಆ ಸಮಿತಿಯ ಮುಖ್ಯ ಕೆಲಸ. ಊರವರನ್ನು ಕೇಳಿಯೇ ಆ ಪುಸ್ತಕವನ್ನು ತುಂಬಬೇಕು. ಅದರಲ್ಲಿ ಸ್ಥಳೀಯ ಹೆಸರಿಗೂ ಜಾಗವಿದೆ. ಸ್ಥಳೀಯ ಹೆಸರೆಂದರೆ ಊರಿನ ಜನ ಕರೆಯುವ ಹೆಸರು. ಕನ್ನಡ ಮಾತನಾಡುವ ಮನೆಗಳಿರುವ ಊರಿನಲ್ಲಿ ಪಿಂಗಳಾದ ಪಕ್ಕದಲ್ಲಿ ಹಾಲಕ್ಕಿಯೂ ಬೇಡೂಕದ ಪಕ್ಕದಲ್ಲಿ ಗೋಂಕುರುಗಪ್ಪೆಯೂ ಬರೆಯಲ್ಪಡುವುದಕ್ಕೆ ಅಡ್ಡಿಯಿಲ್ಲ. ಗ್ರಾಮಪಂಚಾಯತಿಗೆ ಹೋಗಿ ಆ ದಾಖಲೆಯನ್ನು ತೋರಿಸಿರೆಂದು ಕೇಳುವುದು, ಅದರಲ್ಲಿಲ್ಲದ್ದನ್ನು ಚಿತ್ರದೊಂದಿಗೆ ಬರೆದುಕೊಟ್ಟು ಸ್ವೀಕೃತಿಯ ಸಹಿ ಪಡೆಯುವುದು ಯಾವ ನಾಗರಿಕನಿಗಾದರೂ ಸಾಧ್ಯವಾದ ಕೆಲಸ. ಅದಕ್ಕೆ ವಕೀಲರೂ ಬೇಡ, ದೊಡ್ಡ ಕ್ಯಾಮೆರಾವೂ ಬೇಡ.

ಈ ಮಳೆಗಾಲ ಹಿತ್ತಲಿನ ತಗ್ಗಿಗೆ ಮುರುಮು ತರಿಸುವ ಯೋಚನೆಯಿದ್ದವರು ಗಾಡಿಯನ್ನು ಒಂದು ವಾರ ಮುಂದಕ್ಕೆ ಹಾಕಬಹುದು. ಆ ವಾರದ ಒಂದು ರಾತ್ರಿ ಮನೆಯ ಮಕ್ಕಳನ್ನು ಕರೆದುಕೊಂಡು, ಬೂಟು ಹಾಕಿ, ದೀಪ ಆರಿಸಿ ತಗ್ಗಿನ ದಡದಲ್ಲಿ ಹತ್ತು ನಿಮಿಷ ಕುಳಿತರೆ ಸಾಕು. ಮುಚ್ಚುವುದೋ ಬಿಡುವುದೋ ಎಂಬ ತೀರ್ಮಾನವನ್ನು ಅನಂತರ ಮನೆಯವರೇ, ಆ ಮಕ್ಕಳ ಮುಂದೆ, ಮಾಡಲಿ.